ತಂಪು ರಾತ್ರಿಯ ಗಡ್ಡೆ

ಮೈಸೂರಿನ ಈಶಾನ್ಯಕ್ಕಿರುವ ರಾಜೀವನಗರದಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಉದಯಗಿರಿ ಕಡೆಯಿಂದ ಒಳಬೀದಿಗೆ ತಿರುಗಿದರೆ ಕೈತೋಟಕ್ಕೆಂದು ನೆಲ ಉಳಿಸಿಕೊಂಡ ಮನೆ ಅಪರೂಪ. ಚಿಕ್ಕ ಸೈಟಿನಲ್ಲಿ ಗೋಡೆಯವರೆಗೂ ಕಟ್ಟಿಕೊಂಡವರಿಗೆ ಗಿಡ ಇಡಲು ಸಿಗುವುದು ತಾರಸಿ ಒಂದೇ. ಅಲ್ಲೂ ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಹಪ್ಪಳ ಹರಡುವ ಜಾಗ ಬಿಟ್ಟು ಮಿಕ್ಕಷ್ಟು. ಪುದೀನ, ಕರಿಬೇವು, ಮೆಣಸಿನಕಾಯಿ, ಟೊಮೆಟೊ ಇಂಥ ತಾರಸಿಯಲ್ಲಿ ಹೆಚ್ಚು ರಗಳೆಯಿಲ್ಲದೆ ಬರುತ್ತವೆ. ಆಲೂಗಡ್ಡೆ ಮಾತ್ರ ಕೈಕೊಡುತ್ತದೆ. ಕಥೆ ಸಾಮಾನ್ಯವಾಗಿ ಹೀಗಿರುತ್ತದೆ: ಫೆಬ್ರುವರಿಯಲ್ಲೋ ಮಾರ್ಚಿನಲ್ಲೋ ತರಕಾರಿ ಬುಟ್ಟಿಯ ತಳದಲ್ಲಿ ಒಂದೆರಡು ಗಡ್ಡೆ ಮೊಳೆತಿರುತ್ತವೆ, ಬಿಸಾಡಲು ಮನಸ್ಸು ಬಾರದೆ ಅವನ್ನು ಹಳೇ ಅಕ್ಕಿ ಚೀಲಕ್ಕೆ ಮಣ್ಣು ತುಂಬಿ ನೆಡುತ್ತಾರೆ. ಏಪ್ರಿಲ್ ಹೊತ್ತಿಗೆ ಗಿಡ ಸೊಂಪಾಗಿ ಎದೆಯುದ್ದ ಬೆಳೆದು ಬಾಗುತ್ತದೆ. ಮೇ ತಿಂಗಳಲ್ಲಿ ಚೀಲ ಬೋರಲು ಹಾಕಿದರೆ ಗೋಲಿ ಗಾತ್ರದ ನಾಲ್ಕು ಗಡ್ಡೆ.

ಮುಂದಿನ ವರ್ಷ ಗೊಬ್ಬರ ಹೆಚ್ಚು ಹಾಕುತ್ತಾರೆ. ಗಿಡ ಇನ್ನೂ ಸೊಂಪಾಗುತ್ತದೆ, ಗಡ್ಡೆ ಇನ್ನೂ ಕಡಿಮೆಯಾಗುತ್ತದೆ.

ಇಲ್ಲಿ ತಪ್ಪಿರುವುದು ಕ್ಯಾಲೆಂಡರ್. ಅದು ಯಾಕೆ ಎಂಬುದನ್ನು ತಿಳಿಯಲು ಗಡ್ಡೆ ಎಂದರೇನು ಎಂಬಲ್ಲಿಂದ ಶುರುಮಾಡಬೇಕು. ಗೆಣಸು, ಕ್ಯಾರೆಟ್, ಮೂಲಂಗಿ ಇವೆಲ್ಲ ಬೇರುಗಳು. ಆಲೂಗಡ್ಡೆ ಬೇರಲ್ಲ, ಉಬ್ಬಿದ ಕಾಂಡ. ಅದರ ಮೇಲಿನ ಒಂದೊಂದು ಕಣ್ಣೂ ಕಾಂಡದ ಗಿಣ್ಣು, ಆ ಕಣ್ಣಿನಲ್ಲಿ ಮಲಗಿರುವುದು ಕುಡಿ. ಗಿಡದ ಕಾಂಡದ ಮಣ್ಣಿನೊಳಗಿನ ಭಾಗದಿಂದ ಬಿಳಿ ದಾರದಂಥ ಕವಲುಗಳು ಅಡ್ಡಡ್ಡ ಹೊರಡುತ್ತವೆ. ಇವಕ್ಕೆ ಸಸ್ಯವಿಜ್ಞಾನದಲ್ಲಿ ಸ್ಟೋಲನ್ ಎಂದು ಹೆಸರು. ಒಂದು ಹಂತದಲ್ಲಿ ಸ್ಟೋಲನ್ ಉದ್ದಕ್ಕೆ ಬೆಳೆಯುವುದನ್ನು ನಿಲ್ಲಿಸುತ್ತದೆ, ತುದಿ ಕೊಕ್ಕೆಯಾಗಿ ಬಾಗಿ ಉಬ್ಬತೊಡಗುತ್ತದೆ, ಸಕ್ಕರೆ ಅಲ್ಲಿಗೆ ಹರಿದು ಬಂದು ಪಿಷ್ಟವಾಗಿ ಕೂರುತ್ತದೆ. ಉಬ್ಬು ಎಂಬ ಅಪ್ಪಣೆ ಬಾರದಿದ್ದರೆ ಅದೇ ಸ್ಟೋಲನ್ ಸುಮ್ಮನೆ ಉದ್ದವಾಗುತ್ತಾ ಹೋಗಿ, ಎಲ್ಲಾದರೂ ಬೆಳಕು ಕಂಡರೆ ತಲೆಯೆತ್ತಿ ಎಲೆ ಬಿಟ್ಟು ಇನ್ನೊಂದು ಕಾಂಡವೇ ಆಗಿಬಿಡುತ್ತದೆ.

ಅಪ್ಪಣೆ ಬರುವುದು ಮಣ್ಣಿನಿಂದಲ್ಲ, ಎಲೆಯಿಂದ. ಸೋವಿಯತ್ ಸಸ್ಯವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ 1937ರಲ್ಲೇ, ಗಿಡ ಹೂ ಬಿಡಬೇಕೆಂಬ ಸಂದೇಶ ಎಲೆಯಲ್ಲಿ ಹುಟ್ಟಿ ಕುಡಿಗೆ ಹರಿಯುತ್ತದೆ ಎಂದು ಪ್ರತಿಪಾದಿಸಿದ್ದರು. ಅವರದೇ ತಂಡ ಮುಂದೆ ಹೂವಿನ ಹಂತಕ್ಕೆ ಬಂದ ಹೊಗೆಸೊಪ್ಪಿನ ಕುಡಿಯನ್ನು ಆಲೂಗಡ್ಡೆ ಗಿಡಕ್ಕೆ ಕಸಿ ಕಟ್ಟಿತು. ಗಡ್ಡೆ ಕಟ್ಟದಂಥ ಉದ್ದ ಹಗಲಿನಲ್ಲೂ ಕೆಳಗೆ ಗಡ್ಡೆ ಕಟ್ಟಿತು. ಅಂದರೆ ಮೇಲೆ ಹೂ ಅರಳಿಸುವ ಸಂದೇಶವೂ ಕೆಳಗೆ ಗಡ್ಡೆ ಉಬ್ಬಿಸುವ ಸಂದೇಶವೂ ಹತ್ತಿರದ ನೆಂಟರು. 2011ರಲ್ಲಿ ಮ್ಯಾಡ್ರಿಡ್‌ನ ಸಲೋಮೆ ಪ್ರಾಟ್ ಅವರ ಪ್ರಯೋಗಾಲಯದಲ್ಲಿ ಕ್ರಿಸ್ಟಿನಾ ನವಾರೊ ಮತ್ತು ಸಂಗಡಿಗರು ಆ ಸಂದೇಶದ ಗುರುತು ಹಿಡಿದರು. ಅದು ಎಸ್‌ಪಿ6ಎ ಎಂಬ ಪ್ರೋಟೀನು. ಎಲೆಯಲ್ಲಿ ತಯಾರಾಗಿ, ಸಕ್ಕರೆ ಸಾಗುವ ದಾರಿಯಲ್ಲೇ ಇಳಿದು ಸ್ಟೋಲನ್ ತುದಿ ತಲುಪುತ್ತದೆ.

ಗಡ್ಡೆಗೆ ಮಣ್ಣು ಎಷ್ಟು ಗೌಣ ಎಂಬುದಕ್ಕೆ ಒಂದು ಆಕಾಶದ ಸಾಕ್ಷಿ ಇದೆ. 1995ರ ಅಕ್ಟೋಬರ್‌ನಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಆಲೂಗಡ್ಡೆ ಗಿಡದ ಎಲೆ ತುಂಡುಗಳನ್ನು ಹೊತ್ತೊಯ್ದಿತ್ತು. ಎಲೆಯ ಬುಡದಲ್ಲಿ ಒಂದೊಂದು ಕುಡಿ, ಅಷ್ಟೇ. ತೂಕವೂ ನೆಲವೂ ಇಲ್ಲದ ಆ ಪೆಟ್ಟಿಗೆಯಲ್ಲಿ ಆ ಕುಡಿಗಳು ಪುಟ್ಟ ಗಡ್ಡೆಗಳಾದವು. ಎಲೆ ಸಂದೇಶ ಕಳಿಸಿತು, ಕುಡಿ ಉಬ್ಬಿತು.

ಈಗ ತಾರಸಿಗೆ ಮರಳಿದರೆ, ಏಪ್ರಿಲ್ ತಿಂಗಳಲ್ಲಿ ಎಲೆ ಆ ಸಂದೇಶ ಕಳಿಸುವುದಿಲ್ಲ ಎಂಬುದೇ ಇಡೀ ಕಥೆ. ಸೆಕೆ ಹೆಚ್ಚಾದಂತೆ ಎಸ್‌ಪಿ6ಎ ತಯಾರಿ ಕುಗ್ಗುತ್ತದೆ. 2019ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ವಿಜ್ಞಾನಿಗಳು ಇದರ ಒಂದು ಕೀಲನ್ನು ಬಿಚ್ಚಿ ತೋರಿಸಿದರು: ತಾಪ ಏರಿದಾಗ ಗಿಡದಲ್ಲಿ ಒಂದು ಪುಟ್ಟ ಆರ್‌ಎನ್‌ಎ ಹೆಚ್ಚಾಗುತ್ತದೆ, ಅದು ಎಸ್‌ಪಿ6ಎ ಸಂದೇಶವನ್ನು ಹುಟ್ಟಿದಲ್ಲೇ ಅಡಗಿಸುತ್ತದೆ. ಅದನ್ನು ತಡೆದರೆ ಸೆಕೆಯಲ್ಲೂ ಗಿಡ ಗಡ್ಡೆ ಕಟ್ಟುತ್ತದೆ. ಇದರಲ್ಲಿ ನಿರ್ಣಾಯಕವಾದದ್ದು ಹಗಲಿನ ಬಿಸಿಲಿಗಿಂತ ರಾತ್ರಿಯ ತಾಪ. ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದರೆ ಆಲೂಗಡ್ಡೆ ಸಲೀಸಾಗಿ ಗಡ್ಡೆ ಕಟ್ಟುತ್ತದೆ, ಮೇಲೇರಿದಂತೆ ತಡವರಿಸುತ್ತದೆ. ಬೆಚ್ಚಗಿನ ರಾತ್ರಿಗೆ ಇನ್ನೊಂದು ದಂಡವೂ ಇದೆ: ಹಗಲು ಗಳಿಸಿದ ಸಕ್ಕರೆಯಲ್ಲಿ ಹೆಚ್ಚು ಪಾಲನ್ನು ಗಿಡ ರಾತ್ರಿಯ ಉಸಿರಾಟದಲ್ಲೇ ಉರಿಸಿಬಿಡುತ್ತದೆ.

ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರು ಈ ವಿಷಯದಲ್ಲಿ ಪುಣ್ಯವಂತ ಊರು, ಆದರೆ ವರ್ಷಕ್ಕೆ ಕೆಲವೇ ತಿಂಗಳು. ಡಿಸೆಂಬರ್–ಜನವರಿಯಲ್ಲಿ ಇಲ್ಲಿನ ಬೆಳಗಿನ ಜಾವದ ತಾಪ ಸರಾಸರಿ 16–17 ಡಿಗ್ರಿಯ ಆಸುಪಾಸು. ಏಪ್ರಿಲ್‌ನಲ್ಲಿ ಅದು 21 ದಾಟುತ್ತದೆ, ಹಗಲು 34ರ ಮೇಲೆ. ಅದೂ ಹವಾಮಾನ ಇಲಾಖೆಯ ತೆರೆದ ಬಯಲಿನ ಅಳತೆ. ಕಾಂಕ್ರೀಟು ತಾರಸಿ ಹಗಲೆಲ್ಲ ಕಾವಲಿಯಂತೆ ಕಾದು, ನಡುರಾತ್ರಿಯವರೆಗೂ ಆ ಬಿಸಿಯನ್ನು ಚೀಲದ ತಳಕ್ಕೆ ಉಣಿಸುತ್ತಿರುತ್ತದೆ. ಫೆಬ್ರುವರಿ ಕೊನೆಯಲ್ಲಿ ನೆಟ್ಟ ಗಡ್ಡೆಗೆ ಸಂದೇಶ ಬೇಕಾಗುವ ಹೊತ್ತು ಸರಿಯಾಗಿ ಏಪ್ರಿಲ್. ಅಂಥ ಗಿಡ ಸೊಪ್ಪಾಗಿ ಬೆಳೆಯದೆ ಇನ್ನೇನು ಮಾಡೀತು?

ಉದ್ದ ಹಗಲೂ ಆ ಸಂದೇಶಕ್ಕೆ ಬೀಗ ಹಾಕುತ್ತದೆ, ಆದರೆ ಹಗಲಿನ ಉದ್ದದ ಚಿಂತೆ ಮೈಸೂರಿಗಿಲ್ಲ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು, ಟಿಟಿಕಾಕಾ ಸರೋವರದ ಆಸುಪಾಸು. ಭೂಮಧ್ಯರೇಖೆಗೆ ಹತ್ತಿರದ ಆ ಬೆಟ್ಟಗಳಲ್ಲಿ ಹಗಲು ಹನ್ನೆರಡು ಗಂಟೆಯ ಆಸುಪಾಸು, ರಾತ್ರಿ ಚಳಿ. 16ನೇ ಶತಮಾನದಲ್ಲಿ ಯುರೋಪಿಗೆ ಹೋದ ಆಂಡಿಸ್ ಆಲೂಗಡ್ಡೆ ಅಲ್ಲಿನ ಹದಿನಾರು ಗಂಟೆಯ ಬೇಸಿಗೆ ಹಗಲಿಗೆ ಕಂಗಾಲಾಗಿ, ಹಿಮ ಬೀಳುವ ಹೊತ್ತಿಗಷ್ಟೇ ಗಡ್ಡೆ ಕಟ್ಟುತ್ತಿತ್ತು. ಉದ್ದ ಹಗಲಿಗೆ ಒಗ್ಗಿದ ತಳಿ ಕೈಗೆ ಬರಲು ಬಹುಕಾಲ ಬೇಕಾಯಿತು. ಮೈಸೂರಿನ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ, ಅತಿ ಗಿಡ್ಡದ್ದು ಹನ್ನೊಂದೂವರೆಗೆ ತುಸು ಕಡಿಮೆ. ಆ ಬೀಗ ಇಲ್ಲಿ ವರ್ಷವಿಡೀ ತೆರೆದೇ ಇದೆ. ತೆಗೆಯಬೇಕಿರುವುದು ತಾಪದ ಬೀಗವೊಂದೇ.

ಹಾಗಾದರೆ ನೆಡುವ ದಿನ ಯಾವುದು? ಇದಕ್ಕೆ ಪಂಚಾಂಗದಲ್ಲಿ ಸೊಗಸಾದ ಉತ್ತರವಿದೆ. ನೆಟ್ಟ ಗಡ್ಡೆ ಮೇಲೆ ಬರಲು ಎರಡು ವಾರ, ಎಲೆ ಹರಡಲು ಇನ್ನೆರಡು ಮೂರು ವಾರ, ಆಮೇಲೆ ಗಡ್ಡೆ ಉಬ್ಬಲು ಸುಮಾರು ಎರಡು ತಿಂಗಳು, ಒಟ್ಟು 90–100 ದಿನ. ದೀಪಾವಳಿ ಅಮಾವಾಸ್ಯೆಯಿಂದ ಮೂರು ಚಾಂದ್ರಮಾಸ ಕಳೆದು ಏಳನೇ ದಿನ ರಥಸಪ್ತಮಿ. ಲೆಕ್ಕ ಹಾಕಿದರೆ ಸುಮಾರು 95 ದಿನ! ದೀಪಾವಳಿ ಹಿಂದೆ ಮುಂದೆ ನೆಟ್ಟರೆ ಗಡ್ಡೆ ಉಬ್ಬುವ ಕಾಲ ಡಿಸೆಂಬರ್–ಜನವರಿಯ ತಂಪು ರಾತ್ರಿಗಳ ಮೇಲೆ ಕರಾರುವಾಕ್ಕಾಗಿ ಕೂರುತ್ತದೆ, ಬಿಸಿಲು ಚುರುಕಾಗುವ ರಥಸಪ್ತಮಿಗೆ ಚೀಲ ಖಾಲಿ ಮಾಡಬಹುದು. ಹಬ್ಬ ತೀರ ಮುಂಚೆ, ಅಕ್ಟೋಬರ್ ನಡುವಿನಲ್ಲಿ ಬಂದ ವರ್ಷ ಮಾತ್ರ ಒಂದೆರಡು ವಾರ ತಡೆಯುವುದು ಮೇಲು. ಮೈಸೂರಿಗೆ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಅಕ್ಟೋಬರ್ ಒಂದು, ನೆನೆದ ಮಣ್ಣಿನಲ್ಲಿ ಬಿತ್ತನೆ ಗಡ್ಡೆ ಕೊಳೆಯುತ್ತದೆ.

ಫಸಲು ಎಷ್ಟು ಬಂದೀತು ಎಂಬುದನ್ನು ನೆಡುವ ಮೊದಲೇ ಲೆಕ್ಕ ಹಾಕಿಕೊಂಡರೆ ಆಮೇಲೆ ನಿರಾಸೆ ಕಡಿಮೆ. ಒಂದೇ ಚೀಲದಲ್ಲಿ ಹತ್ತು ಕಿಲೋ, ನಾಲ್ಕು ಚದರ ಅಡಿಯ ಮರದ ಗೋಪುರದಲ್ಲಿ 45 ಕಿಲೋ ಎಂಬ ಹೇಳಿಕೆಗಳು ಜಗತ್ತಿನಲ್ಲೆಲ್ಲ ಓಡಾಡುತ್ತಿವೆ. ಅವನ್ನು ಬಿಸಿಲಿನ ತಕ್ಕಡಿಗೆ ಹಾಕಿ ನೋಡೋಣ. ನೀರು ಗೊಬ್ಬರಕ್ಕೆ ಕೊರತೆಯಿಲ್ಲದ, ಎಲೆ ಪೂರ್ತಿ ಹರಡಿದ ಒಳ್ಳೆಯ ಬೆಳೆ ಒಂದು ಚದರ ಮೀಟರಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ 20 ಗ್ರಾಂ ಒಣ ಪದಾರ್ಥ ತಯಾರಿಸುತ್ತದೆ. ಚೀಲದಲ್ಲಿನ ಒಂದು ಗಿಡ ಎಲೆ ಚಾಚಿದಾಗ ಆವರಿಸುವುದು ಸುಮಾರು ಕಾಲು ಚದರ ಮೀಟರ್. ಅಂದರೆ ದಿನಕ್ಕೆ 5 ಗ್ರಾಂ. ಎಲೆ ಪೂರ್ತಿ ಹರಡಿ ದುಡಿಯುವುದು 60 ದಿನ ಎಂದರೆ 300 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ಗಡ್ಡೆಗೆ ಹೋದರೆ 225 ಗ್ರಾಂ. ಆಲೂಗಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಹಾಗಾಗಿ ತಕ್ಕಡಿಯಲ್ಲಿ ಅದು 1,100 ಗ್ರಾಂ ತೂಗುತ್ತದೆ. ಎಲ್ಲವೂ ಸರಿಯಿದ್ದಾಗ ಗಿಡವೊಂದಕ್ಕೆ ಒಂದು ಕಿಲೋ ಚಿಲ್ಲರೆ. ಅಷ್ಟೇ ಸೂರ್ಯ ಕೊಡುವುದು.

ಹೊಲದ ಲೆಕ್ಕ ಇದಕ್ಕೂ ಕಡಿಮೆ. ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 24–25 ಟನ್. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಎಂದು ಹಿಡಿದರೆ ಹೆಕ್ಟೇರಿಗೆ 83 ಸಾವಿರ ಗಿಡ. ಭಾಗಿಸಿದರೆ ಗಿಡಕ್ಕೆ 300 ಗ್ರಾಂ. ತಾರಸಿಯ ಒಂದು ಗಿಡ ಅರ್ಧ ಕಿಲೋ ಕೊಟ್ಟರೆ ಅದು ದೇಶದ ಸರಾಸರಿ ಗಿಡವನ್ನು ಹಿಂದೆ ಹಾಕಿದಂತೆ. ಆ ಗಿಡಕ್ಕೆ ಜಾಗ ಹೆಚ್ಚು ಸಿಕ್ಕಿದೆ ಎಂಬುದು ನಿಜ, ಆದರೂ ಹೆಮ್ಮೆಪಡಲು ಅಡ್ಡಿಯಿಲ್ಲ.

ಗೋಪುರದವರ ವಾದ ಬೇರೆ: ಕಾಂಡ ಬೆಳೆದಂತೆ ಮಣ್ಣು ಏರಿಸುತ್ತಾ ಹೋದರೆ ಮಹಡಿ ಮಹಡಿಯಲ್ಲೂ ಗಡ್ಡೆ ಕಟ್ಟುತ್ತದಲ್ಲ ಎನ್ನುತ್ತಾರೆ. ಬಹುಪಾಲು ತಳಿಗಳಲ್ಲಿ ಹಾಗಾಗುವುದಿಲ್ಲ. ಸ್ಟೋಲನ್‌ಗಳು ಹೊರಡುವುದು ಬಿತ್ತನೆ ಗಡ್ಡೆಯ ಮೇಲಿನ ಮೊದಲ ಕೆಲವು ಗಿಣ್ಣುಗಳಿಂದ, ಅದೂ ಗಿಡ ಎಳೆಯದಾಗಿರುವಾಗ. ಗೋಪುರ ಬಿಚ್ಚಿದಾಗ ತಳದ ಒಂದು ಗೇಣಿನಲ್ಲಿ ಗಡ್ಡೆ, ಮೇಲಿನ ಮೂರಡಿಯಲ್ಲಿ ಬರೀ ಕಾಂಡ ಮತ್ತು ಮಣ್ಣು ಸಿಗುವುದು ಇದಕ್ಕೇ. ಸಾಲದ್ದಕ್ಕೆ, ಏರಿಸಿದ ಮಣ್ಣಿನಡಿ ಹೂತುಹೋದ ಪ್ರತಿ ಎಲೆಯೂ ದುಡಿಮೆ ಬಿಟ್ಟ ಎಲೆ.

ಹಾಗೆಂದು ಮಣ್ಣು ಏರಿಸುವುದೇ ಬೇಡವೆಂದಲ್ಲ. ಉಬ್ಬುವ ಗಡ್ಡೆಗೆ ಬೆಳಕು ತಾಗಬಾರದು, ಆಲೂಗಡ್ಡೆ ಪತಂಗ ಮೊಟ್ಟೆಯಿಡಲು ಬಿರುಕು ಸಿಗಬಾರದು. ಚೀಲದ ಅಂಚನ್ನು ಮಡಿಚಿ ಅರ್ಧದಷ್ಟು ಮಣ್ಣು ತುಂಬಿ, ನಾಲ್ಕೈದು ಇಂಚು ಆಳದಲ್ಲಿ ಗಡ್ಡೆ ಕೂರಿಸಿ, ಗಿಡ ಗೇಣುದ್ದವಾದಾಗ ಒಮ್ಮೆ, ತಿಂಗಳು ತುಂಬಿದಾಗ ಇನ್ನೊಮ್ಮೆ ಅಂಚು ಬಿಡಿಸಿ ಮಣ್ಣು ಏರಿಸಿದರೆ ಸಾಕು. ಆಮೇಲೆ ಕೈಯಾಡಿಸಿದರೆ ಸ್ಟೋಲನ್ ತುಂಡಾಗುತ್ತದೆ.

ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ದುಂಡು ಗ್ರೋ ಬ್ಯಾಗಿನಲ್ಲಿ ಹಿಡಿಸುವುದು ಸುಮಾರು 28 ಲೀಟರ್. ಒಂದು ಬಿತ್ತನೆ ಗಡ್ಡೆಗೆ ಇದು ಧಾರಾಳ. 20 ಲೀಟರಿನ ಪೇಂಟ್ ಡಬ್ಬವೂ ನಡೆದೀತು, ತಳಕ್ಕೆ ತೂತು ಹಾಕಿದ್ದರೆ. ಇಲ್ಲಿ ಮಣ್ಣಿನ ತೂಕದ ಪ್ರಶ್ನೆ ಬರುತ್ತದೆ. ಮೈಸೂರಿನ ಕೆಮ್ಮಣ್ಣನ್ನೇ ತುಂಬಿದರೆ ಈ ಚೀಲ ನೆನೆದಾಗ 50 ಕಿಲೋದ ಹತ್ತಿರ ತೂಗುತ್ತದೆ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಬೆರೆಸಿದರೆ 30 ಕಿಲೋದ ಆಸುಪಾಸು. ಜನ ಓಡಾಡುವ ತಾರಸಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರ ಹೊರುವಂತಿರಬೇಕು ಎನ್ನುವುದು ಭಾರತೀಯ ಮಾನಕದ ಲೆಕ್ಕ. ಚದರ ಮೀಟರಿಗೆ ನಾಲ್ಕು ಹಗುರ ಚೀಲ ಎಂದರೆ 120 ಕಿಲೋ. ಬರೀ ಕೆಮ್ಮಣ್ಣಿನ ನಾಲ್ಕು ಚೀಲವೆಂದರೆ ಮಿತಿ ದಾಟಿತು. ಹಳೇ ಮನೆಯಾದರೆ ಚೀಲಗಳನ್ನು ತಾರಸಿ ನಡುವೆ ಗುಡ್ಡೆ ಹಾಕದೆ ಗೋಡೆ, ತೊಲೆಗಳು ಹಾದುಹೋಗುವ ಅಂಚಿನಲ್ಲಿ ಸಾಲಾಗಿ ಇಡುವುದು ಕ್ಷೇಮ.

ನಾರಿನ ಪುಡಿ ಅರಸೀಕೆರೆ, ತಿಪಟೂರು ಕಡೆಯ ನಾರಿನ ಗಿರಣಿಗಳ ಉಪಉತ್ಪನ್ನ. ಇಟ್ಟಿಗೆಯಾಗಿ ಒತ್ತಿ ಕೊಕೊಪೀಟ್ ಎಂದು ಮಾರುತ್ತಾರೆ. ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ಗೊಬ್ಬರದಲ್ಲಿ ಎಚ್ಚರ ಬೇಕಾದದ್ದು ಸಾರಜನಕಕ್ಕೆ. ಅದು ಅತಿಯಾದರೆ ಗಿಡ ಎಲೆಯ ಮೇಲೆ ಎಲೆ ಬಿಡುತ್ತಾ ಗಡ್ಡೆ ಕಟ್ಟುವುದನ್ನು ಮುಂದೂಡುತ್ತದೆ. ಮೈಸೂರಿನ ಚಳಿಗಾಲ ಮುಂದೂಡಿಕೆಗೆ ಕಾಯುವುದಿಲ್ಲ. ಮೊದಲ ತಿಂಗಳು ಒಂದೆರಡು ಹಿಡಿ ಬೇವಿನ ಹಿಂಡಿ, ಆಮೇಲೆ ಪೊಟ್ಯಾಶ್ ಇದ್ದರೆ ಸಾಕು. ಪೊಟ್ಯಾಶಿಗೆಂದು ಒಲೆ ಬೂದಿ ಸುರಿಯುವವರಿದ್ದಾರೆ. ಬೂದಿಯಲ್ಲಿ ಪೊಟ್ಯಾಶ್ ಇರುವುದು ನಿಜವೇ, ಜೊತೆಗೆ ಕ್ಷಾರವೂ ಇದೆ. ಆಲೂಗಡ್ಡೆಗೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಕ್ಷಾರ ಹೆಚ್ಚಾದರೆ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ. ಗಡಸು ಬೋರ್‌ವೆಲ್ ನೀರು ಹಾಯಿಸುವ ಮನೆಯಲ್ಲಿ ಬೂದಿ ಇನ್ನೂ ಬೇಡ.

ಚೀಲದ ಬಣ್ಣ ಕೂಡ ಗೊಬ್ಬರದಷ್ಟೇ ಮುಖ್ಯ. ಕಪ್ಪು ಪ್ಲಾಸ್ಟಿಕ್ಕಿನ ಪಶ್ಚಿಮದ ಮೈ ಮಧ್ಯಾಹ್ನದ ಬಿಸಿಲಿಗೆ ಕಾದು ಒಳಗಿನ ಬೇರು ಬೇಯುತ್ತದೆ. ಬಿಳಿ ಅಕ್ಕಿ ಚೀಲ ಅದಕ್ಕಿಂತ ವಾಸಿ, ಸೆಣಬಿನ ಗೋಣಿ ಇನ್ನೂ ವಾಸಿ. ಒದ್ದೆ ಗೋಣಿಯ ಮೈಯಿಂದ ನೀರು ಆರುವಾಗ ಒಂದೊಂದು ಲೀಟರೂ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. 30 ಕಿಲೋ ಒದ್ದೆ ಮಣ್ಣನ್ನು ತಣ್ಣಗಿಡಲು ದಿನಕ್ಕೆ ಒಂದೆರಡು ಲೋಟ ನೀರಿನ ಆರುವಿಕೆಯೂ ದೊಡ್ಡ ಸಹಾಯ. ಗೋಣಿ ಒಂದು ಫಸಲಿಗೇ ಕುಂಬಾಗುತ್ತದೆ ಎಂಬುದೊಂದು ಕೊರತೆ. ಪ್ಲಾಸ್ಟಿಕ್ ಡಬ್ಬಕ್ಕೆ ಹೊರಗಿನಿಂದ ಗೋಣಿ ಸುತ್ತಿ ನೆನೆಸುವುದು, ಚೀಲವನ್ನು ನೇರ ತಾರಸಿ ಮೇಲಿಡದೆ ಇಟ್ಟಿಗೆಗಳ ಮೇಲೇರಿಸಿ ಕೆಳಗೆ ಗಾಳಿಯಾಡಲು ಬಿಡುವುದು, ಇವೆರಡು ಸೇರಿದರೆ ರಾತ್ರಿಯ ತಂಪು ಬೇರಿನವರೆಗೂ ತಲುಪುತ್ತದೆ.

ಇನ್ನು ಬಿತ್ತನೆ. ಇಲ್ಲಿ ರಾಜೀವನಗರದಿಂದ ಹಾಸನದ ಕಡೆ ಹೊರಳಬೇಕು. ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ, ದೇಶದಲ್ಲೇ ಅಪರೂಪದ ಪ್ರದೇಶಗಳಲ್ಲಿ ಹಾಸನ ಜಿಲ್ಲೆ ಒಂದು. ಪ್ರತಿ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಅಂಗಳ ಮತ್ತು ಕೋಲ್ಡ್ ಸ್ಟೋರೇಜುಗಳ ಮುಂದೆ ರೈತರು ಬಿತ್ತನೆ ಚೀಲಕ್ಕೆ ಸಾಲುಗಟ್ಟುತ್ತಾರೆ. ಆ ಚೀಲಗಳು ಬಂದಿರುವುದು ಪಂಜಾಬಿನ ಜಲಂಧರಿನಿಂದ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ. ಆಲೂಗಡ್ಡೆಯ ವೈರಸ್ ರೋಗಗಳನ್ನು ಹರಡುವುದು ಸಸ್ಯಹೇನು. ಉತ್ತರದ ಬಯಲಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಅದರ ಕಾಟ ತೀರ ಕಡಿಮೆ. ಆ ಕಿಂಡಿಯಲ್ಲೇ ಬಿತ್ತನೆ ಬೆಳೆ ತೆಗೆಯುವ ವಿಧಾನವನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಪುಷ್ಕರನಾಥ್ ರೂಪಿಸಿದ ಮೇಲೆ ದೇಶದ ಬಿತ್ತನೆ ಗಡ್ಡೆಯ ನಕ್ಷೆಯೇ ಬದಲಾಯಿತು. 1949ರಲ್ಲಿ ಪಟ್ನಾದಲ್ಲಿ ಹುಟ್ಟಿ 1956ರಲ್ಲಿ ಶಿಮ್ಲಾಕ್ಕೆ ಹೋದ ಈ ಸಂಸ್ಥೆಯ ತಳಿಗಳೆಲ್ಲ ಕುಫ್ರಿ ಎಂಬ ಮನೆತನದ ಹೆಸರು ಹೊತ್ತಿವೆ. ಬಯಲಿನ ಗಿಡ್ಡ ಹಗಲಿನಲ್ಲಿ ಆಲೂಗಡ್ಡೆ ಸರಿಯಾಗಿ ಹೂ ಬಿಡುವುದಿಲ್ಲ. ಶಿಮ್ಲಾ ಬಳಿಯ ಕುಫ್ರಿಯ ತಂಪಿನಲ್ಲಿ, ಉದ್ದ ಹಗಲಿನಲ್ಲಿ ಹೂ ಬಿಡಿಸಿ ತಳಿ ಬೆರೆಸುತ್ತಾರೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಅರ್ಧ ಶತಮಾನ ಕಳೆದರೂ ಹಾಸನದ ಹೊಲ ಬಿಟ್ಟಿಲ್ಲ. ತಾರಸಿಗೆ ಹೆಚ್ಚು ಒಪ್ಪುವುದು 2006ರ ಕುಫ್ರಿ ಸೂರ್ಯ. ಸೆಕೆ ತಾಳಲೆಂದೇ ರೂಪಿಸಿದ ತಳಿ ಅದು, ಬೇರೆ ತಳಿಗಳು ಕೈಚೆಲ್ಲುವ ಬೆಚ್ಚಗಿನ ರಾತ್ರಿಯಲ್ಲೂ ಗಡ್ಡೆ ಕಟ್ಟುತ್ತದೆ.

ಹಾಸನದ ಕಥೆಯಲ್ಲಿ ಚೀಲ ತೋಟಗಾರರಿಗೆ ನೇರವಾಗಿ ಬೇಕಾದ ಒಂದು ಭಾಗ ಅಂಗಮಾರಿ. ಫೈಟಾಫ್ತೊರಾ ಎಂಬ, ಶಿಲೀಂಧ್ರದಂತೆ ಕಾಣುವ ಜೀವಿಯಿಂದ ಬರುವ ಈ ರೋಗ 1845ರ ನಂತರ ಐರ್ಲೆಂಡಿನಲ್ಲಿ ಹತ್ತು ಲಕ್ಷದಷ್ಟು ಜನರನ್ನು ಬಲಿತೆಗೆದುಕೊಂಡ ಬರಗಾಲಕ್ಕೆ ಕಾರಣ. ದಕ್ಷಿಣ ಭಾರತದಲ್ಲಿ ಇದು 19ನೇ ಶತಮಾನದಲ್ಲೇ ನೀಲಗಿರಿಯಲ್ಲಿ ಕಾಣಿಸಿತ್ತು. ಈ ಶತಮಾನದಲ್ಲಿ ಕರ್ನಾಟಕದ ಆಲೂಗಡ್ಡೆ, ಟೊಮೆಟೊ ಎರಡನ್ನೂ ಅದು ಹೊಸ ರಭಸದಲ್ಲಿ ಹೊಡೆದಾಗ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪ ಮತ್ತು ಸಹೋದ್ಯೋಗಿಗಳು ರೋಗಕಾರಕದ ವಂಶ ಪತ್ತೆ ಮಾಡಿದರು. ಅದು ಯುರೋಪಿನಲ್ಲಿ ಆಗಲೇ ಹಾವಳಿ ಎಬ್ಬಿಸಿದ್ದ 13_ಎ2 ಎಂಬ ಆಕ್ರಮಣಕಾರಿ ಕುಲ. ಹಾಸನದ ಎಷ್ಟೋ ರೈತರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದ್ದರ ಹಿಂದೆ ಈ ರೋಗದ ಕೈವಾಡವಿದೆ. ತಾರಸಿಯವರಿಗೆ ಇದರ ಪಾಠ ಸರಳ: ಟೊಮೆಟೊ ಕುಂಡಗಳನ್ನು ಆಲೂ ಚೀಲದ ಪಕ್ಕಕ್ಕಿಡಬಾರದು, ಟೊಮೆಟೊ ಬದನೆ ಬೆಳೆದ ಹಳೇ ಮಣ್ಣನ್ನು ಬಳಸಬಾರದು, ಸಂಜೆ ಹೊತ್ತು ಎಲೆಯ ಮೇಲೆ ನೀರು ಹೊಡೆಯಬಾರದು. ರೋಗಕಾರಕಕ್ಕೆ ಎಲೆಯೊಳಗೆ ನುಗ್ಗಲು ಕೆಲವು ಗಂಟೆ ಒದ್ದೆ ಎಲೆ ಬೇಕು. ಕಂದು ನೀರ್ಗಲೆ ಕಂಡ ಎಲೆಯನ್ನು ಕಿತ್ತು ಕಟ್ಟಿ ಎಸೆಯಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಹಗಲೆಲ್ಲ ಗಾಳಿ ಬೀಸುವ ತಾರಸಿ ಈ ಒಂದು ವಿಷಯದಲ್ಲಿ ಹೊಲಕ್ಕಿಂತ ಅದೃಷ್ಟವಂತ.

ಪಂಜಾಬಿನ ಮೇಲಿನ ಈ ಅವಲಂಬನೆ ಕಡಿಮೆ ಮಾಡಲು ಹಾಸನದಲ್ಲಿ ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ, ಅದು ಚೀಲದ ಬೇಸಾಯಕ್ಕೆ ಹೇಳಿಮಾಡಿಸಿದ್ದು. ರೋಗರಹಿತ ಅಂಗಾಂಶ ಕೃಷಿಯ ತಾಯಿ ಗಿಡಗಳ ಕುಡಿ ಚಿವುಟಿ, ಪ್ರೋಟ್ರೇಯಲ್ಲಿ ಬೇರು ಬರಿಸಿ, ಟೊಮೆಟೊ ಸಸಿಯಂತೆಯೇ ನಾಟಿ ಮಾಡುವ ಪದ್ಧತಿ. ವಿಯೆಟ್ನಾಮಿನ ದಾಲಾತ್ ಬೆಟ್ಟದ ರೈತರು ಬಹಳ ಹಿಂದಿನಿಂದ ಹೀಗೆ ಆಲೂಗಡ್ಡೆ ಬೆಳೆಯುತ್ತಿದ್ದಾರೆ. ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಅದನ್ನು ಹಾಸನದ ರೈತರಿಗೆ ತಲುಪಿಸಿದವು. ಸಸಿಯಲ್ಲಿ ಹಳೇ ಗಡ್ಡೆಯೇ ಇಲ್ಲದ್ದರಿಂದ ಗಡ್ಡೆಯ ಜೊತೆ ಬರುವ ರೋಗವೂ ಇಲ್ಲ, ಕೊಳೆಯುವ ಭಯವೂ ಇಲ್ಲ.

ಬಿತ್ತನೆ ಗಡ್ಡೆಯೂ ಸಸಿಯೂ ಸಿಗದಾಗ ದೇವರಾಜ ಮಾರುಕಟ್ಟೆಯ ಗಡ್ಡೆಯೇ ಗತಿ ಎನ್ನುವವರಿಗೆ ಅಡ್ಡಿಪಡಿಸಲಾಗದು. ಆರಿಸುವಾಗ ಕೋಳಿಮೊಟ್ಟೆ ಗಾತ್ರದ, 40–50 ಗ್ರಾಂ ತೂಗುವ, ಗಟ್ಟಿ ಗಡ್ಡೆಯನ್ನೇ ತೆಗೆದುಕೊಂಡು ಇಡಿಯಾಗಿ ನೆಡಬೇಕು. ಹೊಲದಲ್ಲಿ ದುಡ್ಡುಳಿಸಲು ಗಡ್ಡೆ ಕತ್ತರಿಸುತ್ತಾರೆ, ಮಳೆ ಬಿದ್ದರೆ ಆ ಗಾಯದಿಂದಲೇ ಕೊಳೆ ಶುರು. ನಾಲ್ಕು ಚೀಲಕ್ಕೆ ಆ ಉಳಿತಾಯ ಏಕೆ? ನೆಡುವ ಎರಡು ಮೂರು ವಾರ ಮೊದಲು ನೇರ ಬಿಸಿಲು ಬೀಳದ, ಬೆಳಕಿರುವ ಕಿಟಕಿಯಲ್ಲಿ ಹರಡಿಟ್ಟರೆ ಮೊಳಕೆ ಗಿಡ್ಡಗೆ, ದಪ್ಪಗೆ, ಹಸಿರಾಗಿ ಬರುತ್ತದೆ. ಕತ್ತಲ ಬುಟ್ಟಿಯ ಉದ್ದನೆಯ ಬಿಳಿ ಮೊಳಕೆ ಮುಟ್ಟಿದರೆ ಮುರಿಯುತ್ತದೆ.

ನೀರಿನ ಲೆಕ್ಕವೂ ಅದೇ ಕಾಲು ಚದರ ಮೀಟರಿನಿಂದ ಸಿಗುತ್ತದೆ. ಮೈಸೂರಿನ ಒಣ ಹವೆಯಲ್ಲಿ ಬೆಳೆಯ ಮೇಲಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಹಿಡಿದರೆ, ಪೂರ್ತಿ ಬೆಳೆದ ಗಿಡಕ್ಕೆ ಒಂದೂಕಾಲು ಲೀಟರ್. ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ ಸುರಿದರೆ ನಿಂತ ಬೆಳವಣಿಗೆ ತಟ್ಟನೆ ಮರುಕಳಿಸಿ ಗಡ್ಡೆಗೆ ಗುಬುಟು ಮೂಡುತ್ತದೆ, ಮೈ ಸೀಳುತ್ತದೆ. ದಿನವೂ ಬೆಳಗ್ಗೆ ಬುಡಕ್ಕೆ ಅಳತೆಯಲ್ಲಿ ಹಾಕುವುದೇ ಸರಿ. ಮೇಲೆ ಒಂದು ಪದರ ಒಣ ತರಗು ಮುಚ್ಚಿದರೆ ಅರ್ಧ ಕೆಲಸ ಮುಗಿಯಿತು.

ಜನವರಿ ಕೊನೆಗೆ ಕೆಳಗಿನ ಎಲೆ ಹಳದಿಯಾಗತೊಡಗುತ್ತದೆ. ಆಗ ನೀರು ಇಳಿಸಿ, ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಹತ್ತು ದಿನ ಗಡ್ಡೆಯನ್ನು ಮಣ್ಣಿನಲ್ಲೇ ಬಿಡಬೇಕು. ಸಿಪ್ಪೆ ಬಲಿಯುವುದು ಆಗಲೇ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಜಾರದಿದ್ದರೆ ಕೀಳಬಹುದು. ಕಿತ್ತ ಗಡ್ಡೆಯನ್ನು ತೊಳೆಯದೆ ಕತ್ತಲಲ್ಲಿ, ಗಾಳಿಯಾಡುವಲ್ಲಿ ಹರಡಬೇಕು. ಬೆಳಕು ತಾಗಿದ ಗಡ್ಡೆ ತಾನು ಕಾಂಡವೆಂಬುದನ್ನು ಮರೆತಿಲ್ಲ, ಹಸಿರಾಗುತ್ತದೆ. ಹಸಿರು ಬರೀ ಪತ್ರಹರಿತ್ತು, ಅದರಿಂದ ಕೇಡಿಲ್ಲ. ಆದರೆ ಅದೇ ಬೆಳಕು ಸೊಲಾನಿನ್, ಚಾಕೊನಿನ್ ಎಂಬ ವಿಷಗಳನ್ನೂ ಹೆಚ್ಚಿಸುತ್ತದೆ. ನೂರು ಗ್ರಾಂ ಆಲೂಗಡ್ಡೆಯಲ್ಲಿ 20 ಮಿಲಿಗ್ರಾಂ ಇದಕ್ಕೆ ಒಪ್ಪಿತ ಮಿತಿ. ಬೇಯಿಸಿದರೆ ಇವು ನಾಶವಾಗುವುದಿಲ್ಲ. ಅಲ್ಪಸ್ವಲ್ಪ ಹಸಿರಾದ ಗಡ್ಡೆಯ ಸಿಪ್ಪೆಯನ್ನು ದಪ್ಪಗೆ ಹೆರೆದು ತೆಗೆಯಬೇಕು, ಕಹಿ ಹತ್ತಿದ್ದನ್ನು ಎಸೆಯಬೇಕು. ಚೀಲದ ಬೇಸಾಯದಲ್ಲಿ ಇದಕ್ಕೆ ಹೊಲಕ್ಕಿಂತ ಹೆಚ್ಚು ಗಮನ ಬೇಕು, ಏಕೆಂದರೆ ದಿನದ ನೀರಿಗೆ ಮಣ್ಣು ಕುಸಿದು ಮೇಲಿನ ಗಡ್ಡೆಗಳ ಬೆನ್ನು ಹೊರಗೆ ಕಾಣುತ್ತಿರುತ್ತದೆ.

ನಾಲ್ಕು ಚೀಲಕ್ಕೆ ಎರಡರಿಂದ ಮೂರು ಕಿಲೋ ಬಂದರೆ ಮನೆಮಂದಿಗೆ ಎರಡು ಮೂರು ಸಲ ಮಸಾಲೆ ದೋಸೆಯ ಪಲ್ಯಕ್ಕಾಯಿತು. ಸಣ್ಣ ಗಡ್ಡೆಗಳನ್ನು ಮುಂದಿನ ಬಿತ್ತನೆಗೆ ಎತ್ತಿಡುವ ಆಸೆ ಸಹಜ. ತೊಡಕು ಏನೆಂದರೆ ರಥಸಪ್ತಮಿಯಲ್ಲಿ ಕಿತ್ತ ಗಡ್ಡೆಯ ನಿದ್ದೆ ಎರಡು ಮೂರು ತಿಂಗಳಿಗೆ ಮುಗಿಯುತ್ತದೆ. ಅದು ಮೊಳೆಯುವುದು ಏಪ್ರಿಲ್–ಮೇ ಸೆಕೆಯಲ್ಲಿ, ನೆಡಬಾರದ ಕಾಲದಲ್ಲಿ. ಕಾಗದದ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ ಇಟ್ಟರೆ ಮೊಳಕೆ ನಿಧಾನವಾಗುತ್ತದೆ, ಅಕ್ಟೋಬರಿನಲ್ಲಿ ಹೊರತೆಗೆದು ಕಿಟಕಿಗಿಡಬಹುದು. ಹಾಗೆ ಮಾಡಿದರೂ ಒಂದೆರಡು ವರ್ಷವಾದ ಮೇಲೆ ಸೇರಿಕೊಂಡ ವೈರಸ್‌ನಿಂದ ಗಿಡ ಕುಗ್ಗಿ ಎಲೆ ಮುದುರುತ್ತದೆ, ಆಗ ಹೊಸ ಬಿತ್ತನೆ ತರಲೇಬೇಕು. ಖಾಲಿಯಾದ ಚೀಲದ ಮಣ್ಣನ್ನು ತಾರಸಿಯ ಮೇಲೆ ತೆಳ್ಳಗೆ ಹರಡಿ ಒಂದೆರಡು ವಾರ ಮಾರ್ಚ್ ಬಿಸಿಲಿಗೆ ಒಣಗಿಸಿ, ಹೊಸ ಗೊಬ್ಬರ ಬೆರೆಸಿ ಹುರುಳಿಕಾಯಿಯನ್ನೋ ದಂಟಿನ ಸೊಪ್ಪನ್ನೋ ಹಾಕಬಹುದು. ಟೊಮೆಟೊ, ಬದನೆ, ಮೆಣಸಿನಕಾಯಿ ಮೂರೂ ಆಲೂಗಡ್ಡೆಯ ಕುಟುಂಬದವೇ, ರೋಗಗಳನ್ನೂ ಹಂಚಿಕೊಂಡಿವೆ. ಅವಕ್ಕೆ ಬೇರೆ ಚೀಲ, ಬೇರೆ ಮಣ್ಣು.